ದೇವರನ್ನು ಡಿಲೀಟ್ ಮಾಡುವ ಬಗೆ

ಈಮೇಲಿಗೆ ಬಂದ ದೇವರನ್ನು ಏನು ಮಾಡಬೇಕು ಎಂದು ಯಾವ ಪಂಚಾಂಗದಲ್ಲೂ ಬರೆದಿಲ್ಲ. ಮದುವೆ ಪತ್ರಿಕೆಯ ಮೇಲಿನ ಗಣಪತಿಗೆ ನಮ್ಮ ನಂಜನಗೂಡಿನಲ್ಲಿ ಒಂದು ವ್ಯವಸ್ಥೆ ಇದೆ. ಅವನನ್ನು ಕಸಕ್ಕೆ ಹಾಕುವುದಿಲ್ಲ. ಹಳೆಯ ಕ್ಯಾಲೆಂಡರಿನ ಲಕ್ಷ್ಮಿ, ಊದುಬತ್ತಿ ಪೊಟ್ಟಣದ ವೆಂಕಟರಮಣ, ಎಲ್ಲರನ್ನೂ ಒಂದು ಚೀಲದಲ್ಲಿ ಕೂಡಿಟ್ಟು ಕಪಿಲೆಗೆ ಬಿಟ್ಟು ಕೈಮುಗಿದು ಬರುತ್ತೇವೆ. ಹೊಳೆಗೆ ಏನೂ ಹಾಕಬೇಡಿ ಎಂದು ಬೋರ್ಡು ಬರೆಸಿದ್ದಾರೆ. ಅಂದಿನಿಂದ ನಾವು ಬೋರ್ಡಿಗೆ ಮರ್ಯಾದೆ ಕೊಟ್ಟು ಸ್ವಲ್ಪ ಆಚೆ ಹೋಗಿ ಬಿಡುತ್ತೇವೆ.

ಈಮೇಲಿನಲ್ಲಿ ಹೊಳೆ ಇಲ್ಲ. ಕಸದ ಬುಟ್ಟಿಯ ಚಿತ್ರ ಮಾತ್ರ ಇದೆ.

ನನಗೆ ಈಮೇಲು ಅಂಟಿಕೊಂಡದ್ದು ನಮ್ಮ ಬೀದಿಯ ಭಜನಾ ಮಂಡಳಿಯಿಂದ. ಬರೆಯುವ ಕೆಲಸ ಯಾರು ಮಾಡುತ್ತೀರಿ ಎಂದು ಕೇಳಿದಾಗ ಉಳಿದವರೆಲ್ಲ ತಾಳ ಎತ್ತಿಕೊಂಡರು. ನನ್ನ ಕೈ ಖಾಲಿ ಇತ್ತು. ನಮ್ಮ ಯಜಮಾನರು ತಂದ ಡೆಸ್ಕ್‌ಟಾಪು ದೇವರ ಮನೆಯ ಪಕ್ಕದಲ್ಲೇ ಕೂತಿದೆ. ಅಲ್ಲಿ ಟೈಪು ಮಾಡುತ್ತೇನೆ. ಗುರುವಾರ ಬಸ್ಸು ಹತ್ತಿ ಟಿ. ನರಸೀಪುರಕ್ಕೆ ಹೋಗುತ್ತೇನೆ, ತಂಗಿ ಸುಧಾ ಕಾಲು ಮುರಿದುಕೊಂಡು ಮಲಗಿದ್ದಾಳೆ, ಅವಳಿಗೆ ಒಂದಿಷ್ಟು ಅಡಿಗೆ ಮಾಡಿಟ್ಟು ಅವಳ ಲ್ಯಾಪ್‌ಟಾಪಿನಲ್ಲಿ ಮಂಡಳಿಯ ಕೆಲಸ ಮುಂದುವರಿಸುತ್ತೇನೆ. ಮನೆಯಲ್ಲಿ ಟೈಪು ಮಾಡಿದ ಕನ್ನಡ ಅಲ್ಲಿ ತೆರೆದರೆ ಮೈಸೂರುಪಾಕು ಕೊಯ್ದಿಟ್ಟ ಹಾಗೆ ಚೌಕ ಚೌಕವಾಗಿ ಕಾಣುತ್ತದೆ. ಅಕ್ಷರ ಹೋದರೂ ಸಾಲು ಉಳಿಯಿತಲ್ಲ, ಅಷ್ಟಾದರೂ ದೇವರ ದಯೆ ಎಂದುಕೊಂಡು ಮತ್ತೆ ಟೈಪು ಮಾಡುತ್ತೇನೆ.

ಈ ಈಮೇಲಿಗೆ ಬಿಳಿಗೆರೆಯ ನಮ್ಮ ಭಾವನವರು ದಿನಾ ಬೆಳಿಗ್ಗೆ ಒಂದು ದೇವರನ್ನು ಕಳಿಸುತ್ತಾರೆ. ವಾಟ್ಸಾಪು ಚಾಡಿ ಹೇಳುವವರ ಜಾಗ, ದೇವರನ್ನು ಅಲ್ಲಿಗೆ ಕಳಿಸಬಾರದು ಎಂಬುದು ಅವರ ಮತ. ಕಳಿಸುವುದೂ ಸಣ್ಣ ಪಟವಲ್ಲ. ಗೋಡೆ ತುಂಬುವಷ್ಟು ದೊಡ್ಡದು, ಕಿರೀಟದ ಹರಳೆಲ್ಲ ಬಿಡಿ ಬಿಡಿಯಾಗಿ ಕಾಣುವಂಥದ್ದು. ದೀಪ ಆರಿತು ಎನ್ನಲು ಬಾಯಿ ಬಾರದೆ ದೊಡ್ಡದಾಯಿತು ಎನ್ನುವ ಮನೆತನ ನಮ್ಮದು. ಬುಟ್ಟಿಯ ಗುರುತು ಒತ್ತಲು ನನ್ನ ಬೆರಳು ಬರುತ್ತದೆಯೇ? ದೇವರುಗಳು ಸೇರುತ್ತಾ ಹೋದರು.

ಹೀಗಿರುವಾಗ ನರಸೀಪುರದ ಒಂದು ದೇವಸ್ಥಾನದವರು ಭಜನೆಗೆ ಕರೆದರು. ತಂಡಕ್ಕೊಂದು ಹಾಡನ್ನು ಒಬ್ಬರೇ ಹಾಡಬಹುದು ಎಂದರು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಹೆಡತಲೆ ಊರಿನ ಸಾಕಮ್ಮನವರು. ಇಷ್ಟು ವರ್ಷವೂ ಹಿಂದಿನ ಸಾಲಿನಲ್ಲಿ ಕೂತು ಗುಂಪಿನಲ್ಲಿ ಗೋವಿಂದ ಎಂದವರು. ಅವರು ನನ್ನ ಅಡಿಗೆಮನೆ ಬಾಗಿಲಿಗೆ ಬಂದು ನಿಂತರು.

"ಆ ಒಂಟಿ ಆಡ್ನ ನಾನ್ ಏಳ್ಲಾ ಕಣವ್ವ? ಕಣ್ಮುಚ್ಚೋಕ್ ಮುಂಚೆ ಮೈಕ್ನಾಗೆ ನನ್ ಗಂಟ್ಲು ಎಂಗ್ ಕೇಳ್ತದೆ ನೋಡ್ಬೇಕು."

ನಾನು ಬರೆದುಕೊಂಡೆ. ಸಾಕಮ್ಮ ಅವತ್ತಿನಿಂದ ತಣ್ಣೀರು ಬಿಟ್ಟರು, ಮೊಸರು ಬಿಟ್ಟರು.

ಗುರುವಾರ ತಂಗಿಯ ಮನೆಯಲ್ಲಿದ್ದಾಗ ದೇವಸ್ಥಾನದ ಗುಮಾಸ್ತನ ಫೋನು ಬಂತು. "ಏನಮ್ಮ, ನಿಮಗೆ ಕಳ್ಸಿದ್ದೆಲ್ಲ ವಾಪಸ್ ಬತ್ತಾ ಅದೆ. ಮೇಲ್ ಬಾಕ್ಸು ತುಂಬೋಗದಂತೆ. ಸಂಜೆ ಒಳಗೆ ನಿಮ್ಮ ಮೇಲ್‌ನಿಂದ ಆಡಿನ ಪಟ್ಟಿ ಬರ್ನಿಲ್ಲ ಅಂದ್ರೆ ಒಂಟಿ ಆಡು ತಗಡೂರಿನ ತಂಡಕ್ಕೆ ಓಯ್ತದೆ."

"ಫೋನಿನಲ್ಲೇ ಹೇಳ್ತೀನಲ್ಲಪ್ಪ."

"ನಾನ್ ಕೇಳ್ಕೊಂಡು ಏನ್ ಮಾಡ್ಲಿ? ಟ್ರಸ್ಟಿನೋರು ಮೈಸೂರಲ್ಲವ್ರೆ, ಅವರು ಮೇಲ್ ಬಿಟ್ಟು ಇನ್ನೇನೂ ನೋಡಾಕಿಲ್ಲ."

ಪಟ್ಟಿ ಕಳಿಸಲು ನೋಡಿದೆ, ಹೋಗಲಿಲ್ಲ. ತುಂಬಿದ ಪೆಟ್ಟಿಗೆಗೆ ಬರುವುದೂ ಇಲ್ಲ, ಅದರಿಂದ ಹೋಗುವುದೂ ಇಲ್ಲವಂತೆ. ತಂಗಿ ಮಲಗಿದಲ್ಲಿಂದಲೇ ಹೇಳಿದಳು, "ಭಾವನವರ ಪಟಗಳನ್ನ ಡಿಲೀಟ್ ಮಾಡಕ್ಕ."

"ದೇವರನ್ನ ಕಸದ ಬುಟ್ಟಿಗೆ ಹಾಕಲಾ?"

"ಗಣಪತೀನ ಕೂರಿಸಿ ಕಡುಬು ಕೊಟ್ಟು ಆಮೇಲೆ ನಾವೇ ನೀರಿಗೆ ಬಿಡಲ್ವಾ? ಅದೇ ಅಂದ್ಕೋ. ಇಲ್ಲಾಂದ್ರೆ ನೀನೇ ಹೋಗಿ ಸಾಕಮ್ಮನಿಗೆ ಹೇಳು, ನಿಮ್ಮ ಹಾಡಿಗೆ ದೇವರೇ ಅಡ್ಡ ಕೂತಿದ್ದಾನೆ ಅಂತ."

ಅದು ನನ್ನ ಕೈಲಾಗದ ಮಾತು. ಮನಸ್ಸಿಗೆ ಇನ್ನೊಂದು ಸಮಾಧಾನವೂ ಇತ್ತು. ನಂಜನಗೂಡಿನ ಡೆಸ್ಕ್‌ಟಾಪಿನಲ್ಲಿರುವವರು ಮೂಲ ದೇವರು, ಲ್ಯಾಪ್‌ಟಾಪಿನಲ್ಲಿರುವವರು ಉತ್ಸವಮೂರ್ತಿಗಳು ಎಂದು ನಾನು ನಂಬಿದ್ದೆ. ಕೈಕಾಲು ತೊಳೆದು ಪೂರ್ವಕ್ಕೆ ಮುಖ ಮಾಡಿ ಕೂತೆ. ಒಬ್ಬೊಬ್ಬರಿಗೂ "ಹೋಗಿ ಬಾರಪ್ಪ, ಹೋಗಿ ಬಾರಮ್ಮ" ಎಂದು ಒತ್ತಿದೆ.

ಹೋದವರು ಬಂದರು. ಒಂದು ಸಾಲು ದೇವರನ್ನು ಬೀಳ್ಕೊಟ್ಟು ತಲೆಯೆತ್ತಿ ನೋಡಿದರೆ ಅದೇ ಆಂಜನೇಯ, ಅದೇ ಸರಸ್ವತಿ, ಹಳೆಯ ಜಾಗದಲ್ಲೇ ಕೂತಿದ್ದಾರೆ. ಬೇಡಿದ್ದನ್ನು ದೇವರು ಇಷ್ಟು ಬೇಗ ನಡೆಸಿಕೊಟ್ಟದ್ದು ನನ್ನ ಜನ್ಮದಲ್ಲಿ ಇದೇ ಮೊದಲು. ತಂಗಿಯೂ ಮಲಗಿದಲ್ಲೇ ಕೈಮುಗಿದಳು. ಬಿಸಿಲು ಇಳಿಯುತ್ತಿತ್ತು. ಯಜಮಾನರನ್ನು ಕೇಳೋಣವೆಂದರೆ ಅವರ ಫೋನು ಎಂಗೇಜು. ಕೊನೆಗೆ ಅವರೇ ಸಿಕ್ಕಿದರು.

"ಎಷ್ಟೊತ್ತಿಂದ ಮಾಡ್ತಾ ಇದೀನೇ ಫೋನು. ನಮ್ಮ ಈಮೇಲಿಗೆ ಯಾವನೋ ಕಳ್ಳ ನುಗ್ಗಿದಾನೆ ಕಣೇ. ದೇವರನ್ನೆಲ್ಲ ಎತ್ತಿ ಎತ್ತಿ ಕಸದ ಬುಟ್ಟಿಗೆ ಹಾಕ್ತಾ ಇದಾನೆ. ನಾನು ಬಿಟ್ಟೇನಾ? ಅವನು ಹಾಕಿದ ಹಾಗೆ ತೆಗೆದು ತೆಗೆದು ಒಳಗಿಡ್ತಾ ಇದೀನಿ. ಕಾಫಿಗೂ ಎದ್ದಿಲ್ಲ."

"ರೀ, ಆ ಕಳ್ಳಿ ನಾನೇ."

ಡೆಸ್ಕ್‌ಟಾಪು, ಲ್ಯಾಪ್‌ಟಾಪು ಎರಡು ನಲ್ಲಿ, ಟ್ಯಾಂಕು ಮಾತ್ರ ಒಂದೇ ಎಂಬುದು ಇಬ್ಬರಿಗೂ ಆಗಲೇ ತಿಳಿದದ್ದು. ಸಾಕಮ್ಮನ ಹಾಡಿನ ಸಂಗತಿ ಹೇಳಿದೆ.

"ಸ್ನಾನ ಮಾಡಿದೀಯ ತಾನೆ?" ಎಂದರು.

"ಮಾಡಿದೀನಿ."

"ಹಾಗಾದರೆ ನಮ್ಮೂರ ನಂಜುಂಡ ಒಬ್ಬ ಇರಲಿ. ಮಿಕ್ಕವರನ್ನ ಈ ಕಡೆಯಿಂದ ನಾನೂ ಬೀಳ್ಕೊಡ್ತೀನಿ. ಭಾವನಿಗೆ ಹೇಳೋಕೆ ಹೋಗಬೇಡ."

ಇಬ್ಬರೂ ಸೇರಿ ಬುಟ್ಟಿಯನ್ನೂ ಬರಿದು ಮಾಡಿದೆವು. ತಂಗಿಯ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಪಟ್ಟಿ ಹೋಯಿತು, ಒಪ್ಪಿಗೆಯೂ ಬಂತು.

ಭಜನೆಯ ದಿನ ಸಾಕಮ್ಮ ಮೈಕಿನ ಮುಂದೆ ಕೂತರು. ತಮ್ಮ ಗಂಟಲು ಅಷ್ಟು ದೊಡ್ಡದಾಗಿ ಕೇಳಿದ್ದೇ ಬೆಚ್ಚಿ ನಿಲ್ಲಿಸಿಬಿಟ್ಟರು. ನಮ್ಮ ಗುಂಪು ಎಂದಿನಂತೆ ಹಿಂದಿನಿಂದ ದನಿ ಕೂಡಿಸಲು ಹೊರಟಿತು. ಅವರು ತಿರುಗದೆಯೇ ಕೈಯೆತ್ತಿ ನಮ್ಮನ್ನು ಸುಮ್ಮನಿರಿಸಿದರು. ಆಮೇಲೆ ಮೊದಲಿನಿಂದ, ಒಬ್ಬರೇ, ಪೂರ್ತಿ ಹಾಡಿದರು. ಶ್ರುತಿ ಸ್ವಲ್ಪ ಆಚೀಚೆ ಆಯಿತು, ಅವರು ಆಗಲಿಲ್ಲ. ನಾನು ಹಿಂದೆ ಕೂತು ಯೋಚಿಸುತ್ತಿದ್ದೆ: ನಮ್ಮ ನರಸೀಪುರದ ಬಸ್ಸಿನಲ್ಲಿ ವಯಸ್ಸಾದ ಹೆಂಗಸು ಕಂಬ ಹಿಡಿದು ನಿಂತರೆ ಎದ್ದು ಸೀಟು ಬಿಡುವವರು ಒಬ್ಬರೂ ಸಿಗುವುದಿಲ್ಲ. ಇಲ್ಲಿ ಸಾಕಮ್ಮನಿಗಾಗಿ ಅಷ್ಟು ಮಂದಿ ದೇವರು, ಕಿರೀಟ ಸಮೇತ, ಒಬ್ಬರೂ ಗೊಣಗದೆ ಎದ್ದಿದ್ದರು.