ಒಗೆದ ಮೇಲಿನ ಅಳತೆ

ಅವರ ಹತ್ತೂ ಉಗುರುಗಳು ನೀಲಿಯಾಗಿದ್ದವು. ಹಚ್ಚಿಕೊಂಡ ಬಣ್ಣವಲ್ಲ, ಮೂವತ್ತು ವರ್ಷ ಜೀನ್ಸ್ ಬಟ್ಟೆ ಮುಟ್ಟಿದ ಕೈಗೆ ತಾನಾಗಿ ಇಳಿದ ಬಣ್ಣ. ಬಲಗೈ ಹೆಬ್ಬೆರಳಿನ ಬುಡದಲ್ಲಿ ಕತ್ತರಿಯ ಹಿಡಿ ಒತ್ತಿ ಒತ್ತಿ ಒಂದು ಗಟ್ಟಿ ಗಂಟಾಗಿತ್ತು. ಮಾತಾಡುವಾಗ ಎಡಗೈಯಿಂದ ಆ ಗಂಟನ್ನು ಸವರುತ್ತಿದ್ದರು. ಸಿಟ್ಟು ಬಂದರೆ ಸವರುವುದು ನಿಲ್ಲುತ್ತಿತ್ತು. ಆಗ ನಾವು ಹೆಣ್ಣುಮಕ್ಕಳೆಲ್ಲ ಮಷಿನ್ ಮೇಲೆ ತಲೆ ಬಗ್ಗಿಸಿಬಿಡುತ್ತಿದ್ದೆವು.

ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ಅವರು ಕಟಿಂಗ್ ಮಾಸ್ಟರ್. ನಾನು ಅಲ್ಲಿ ಮೊದಲು ಗುಂಡಿ ಹಚ್ಚುವವಳು, ಆಮೇಲೆ ಚೆಕಿಂಗ್, ಕೊನೆಗೆ ಸೂಪರ್‌ವೈಸರ್. ಹತ್ತನೇ ತರಗತಿ ಪಾಸಾಗಿದ್ದು ಅಷ್ಟಕ್ಕೆ ಸಾಕಾಯಿತು. ಅವರು ದಿನಾ ಕುರುಗೋಡಿನಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ತಮ್ಮ ಕತ್ತರಿಯನ್ನು ಹಳೇ ಧೋತರದ ತುಂಡಿನಲ್ಲಿ ಸುತ್ತಿ ಮನೆಗೇ ಒಯ್ದು, ಮನೆಯಿಂದಲೇ ತರುತ್ತಿದ್ದರು. ಥಾನುಗಟ್ಟಲೆ ಬಟ್ಟೆಗೆ ಕರೆಂಟಿನ ಮಷಿನ್ ಇತ್ತು. ಆದರೆ ಹೊಸ ಮಾದರಿಯ ಮೊದಲ ಪ್ಯಾಂಟನ್ನು ಅವರು ಕೈಯಲ್ಲೇ ಕತ್ತರಿಸಬೇಕು. ಆ ಕತ್ತರಿಯಿಂದ ಯಾರಾದರೂ ಕಾಗದ ಕತ್ತರಿಸಲು ಹೋದರೆ ಮುಗಿಯಿತು.

"ಕಾಗದ ಕತ್ತರಿಸಿದ ಕತ್ತರಿ ಬಟ್ಟಿ ಕಚ್ಚತೈತಿ. ಅದನ್ನ ಮುಟ್ಟಬ್ಯಾಡ್ರಿ, ನನ್ನ ಬೇಕಾದ್ರ ಹೊಡೀರಿ!"

ಸೇರಿದ ಹೊಸತರಲ್ಲಿ ನನಗೊಂದು ಅನುಮಾನ ಬಂತು. ಸೊಂಟ ಮೂವತ್ತೆರಡು ಎಂದು ಆರ್ಡರ್ ಇದ್ದರೆ, ಅವರು ಗೆರೆ ಎಳೆಯುವುದು ಅದಕ್ಕಿಂತ ಹೆಚ್ಚಿಗೆ. ತಪ್ಪಾಗಿದೆ ಎಂದುಕೊಂಡು ಹೆದರುತ್ತ ಹೇಳಿದೆ.

"ಏಮಮ್ಮಾ, ನನಗ ಅಳತಿ ಕಲಸ್ತೀಯೇನು?" ಎಂದು ನಕ್ಕರು. "ಇದು ವಾಷಿಂಗ್‌ಗೆ ಹೋಗತೈತಿ. ಬಿಸಿನೀರಾಗ ಬಿದ್ದು, ಕಲ್ಲಿನ ಕೂಡ ತಿರುಗಿ, ಒಣಗಿ ಬರತೈತಿ. ಆಗ ಕುಗ್ಗತೈತಿ. ಒಗದ ಮ್ಯಾಲಿನ ಅಳತಿನ ಅಳತಿ. ಅದಕ್ಕ ಮುಂಚಿದ್ದು ಬರೇ ಮಾತು."

ಸಂಬಳ ಸ್ವಲ್ಪ ಏರಿ, ಸರ್ಕಾರದ ಕಾರ್ಮಿಕ ಆಸ್ಪತ್ರೆಯ ಕಾರ್ಡಿನ ಮಿತಿ ದಾಟಿದವರು ನಮ್ಮಲ್ಲಿ ಏಳು ಜನ ಇದ್ದೆವು. ಮಾಲೀಕರು ನಮಗೆಲ್ಲ ಕಂಪನಿಯಿಂದ ಆರೋಗ್ಯ ವಿಮೆ ಮಾಡಿಸಿದರು. ಸಿಹಿ ಹಂಚಿ, ಒಬ್ಬೊಬ್ಬರಿಗೂ ಹೊಳೆಯುವ ಕಾರ್ಡು ಕೊಟ್ಟರು. ತಂದೆತಾಯಿಯೂ ಸೇರಿ ಮೂರು ಲಕ್ಷ. ಮನೆಗೆ ಬಂದವಳೇ ಅವ್ವನಿಗೆ ತೋರಿಸಿದೆ. ಮನೆಯಲ್ಲಿ ನಾವಿಬ್ಬರೇ. ಅವ್ವ ಸಿರುಗುಪ್ಪದ ಅಕ್ಕಿ ಗಿರಣಿಯ ಅಂಗಳದಲ್ಲಿ, ಬೇಯಿಸಿದ ಭತ್ತವನ್ನು ಬಿಸಿಲಲ್ಲಿ ಕಾಲಿನಿಂದ ಎಳೆದೆಳೆದು ಒಣಗಿಸಿದವಳು. ಎರಡೂ ಮೊಣಕಾಲು ಸವೆದು, ಗೋಡೆ ಹಿಡಿದು ನಡೆಯುತ್ತಿದ್ದಳು. ಕಾರ್ಡನ್ನು ಕಣ್ಣಿಗೆ ಒತ್ತಿಕೊಂಡು "ಇನ್ನ ಚಿಂತಿಲ್ಲ ಬಿಡು" ಅಂದಳು.

ಮರುದಿನ ಮಾಸ್ಟರ್ ನನ್ನನ್ನು ಕರೆದರು. "ಕಾರ್ಡಿನ ಜೋಡಿ ಒಂದು ಪುಸ್ತಕ ಕೊಟ್ಟಾರಲ್ಲ, ತಾ ಇಲ್ಲಿ."

ಅದು ಇಂಗ್ಲಿಷಿನಲ್ಲಿತ್ತು, ಯಾರೂ ಓದಿರಲಿಲ್ಲ. ವಿಮೆ ಮಾಡಿಸಿದ ಏಜೆಂಟನನ್ನೇ ಊಟದ ಬಿಡುವಿನಲ್ಲಿ ಕರೆಸಿ, ಕಟಿಂಗ್ ಟೇಬಲ್ಲಿನ ಮುಂದೆ ನಿಲ್ಲಿಸಿ, ಸಾಲು ಸಾಲಾಗಿ ಓದಿ ಹೇಳಿಸಿದರು.

"ಇದನ್ನೂ ವಾಷಿಂಗ್‌ಗೆ ಹಾಕಿ ನೋಡಾಣ" ಎಂದು ಟೇಬಲ್ ಮೇಲೆ ಸೀಮೆಸುಣ್ಣದಿಂದ ಮಾರುದ್ದದ ಗೆರೆ ಎಳೆದರು. ಅದು ಮೂರು ಲಕ್ಷ. ಆಸ್ಪತ್ರೆಯ ರೂಮಿನ ಬಾಡಿಗೆಗೆ ಮಿತಿ ಇದೆ ಎಂದು ಏಜೆಂಟ ಓದಿದಾಗ ಗೆರೆಯ ತುದಿಯನ್ನು ಬೆರಳಿನಿಂದ ಒಂದಿಷ್ಟು ಅಳಿಸಿದರು. ತಂದೆತಾಯಿಯ ಖರ್ಚಿನಲ್ಲಿ ಅರ್ಧ ನಾವೇ ಕಟ್ಟಬೇಕು ಎಂದಾಗ ಉಳಿದದ್ದರಲ್ಲಿ ಅರ್ಧ ಅಳಿಸಿದರು.

"ಮತ್ತ ಈಕಿ ಕೆಲಸ ಬಿಟ್ರ?"

"ಬಿಟ್ರ ನಿಲ್ಲತೈತ್ರಿ. ಸ್ವಂತದ್ದಕ್ಕ ಬದಲಿಸಿ ಕೊಡ್ರಿ ಅಂತ ಅರ್ಜಿ ಹಾಕಬೌದು. ಕೊಡೋದು ಬಿಡೋದು ವಿಮಾದವರ ಕೈಯಾಗ."

"ಸಾಹುಕಾರ್ರು ತಾವ ಬಿಡಿಸಿದ್ರ?"

ಏಜೆಂಟ ಸುತ್ತ ನೋಡಿ ದನಿ ಇಳಿಸಿದ. "ಆಗೂ ನಿಲ್ಲತೈತ್ರಿ."

ಮಾಸ್ಟರ್ ಅಂಗೈಯಿಂದ ಇಡೀ ಗೆರೆ ಒರೆಸಿಬಿಟ್ಟರು. "ನೋಡಿದೇನವ್ವಾ? ಒಗದ ಮ್ಯಾಲೆ ಕೂಸಿನ ಚಡ್ಡಿನೂ ಆಗಂಗಿಲ್ಲ."

"ಪುಕ್ಕಟೆ ಕೊಟ್ಟಾರ ಮಾಸ್ಟರ್ರೀ, ಬ್ಯಾಡ ಅನ್ನಾಕ ಆಗತೈತೇನು?"

"ಬ್ಯಾಡ ಅನ್ನು ಅಂತ ಯಾರಂದ್ರು? ಇಟ್ಕೊ, ಬಳಸು. ಅದರ ಜೋಡಿ ನಿಂದೊಂದು ಮಾಡಿಸು. ನಿನ್ನ ಹೆಸರಿಲೆ, ನಿಮ್ಮವ್ವನ ಹೆಸರಿಲೆ. ಗೇಟಿನ ಹೊರಗೂ ನಡಿಯೋದು."

ಒಂದು ತಿಂಗಳು ನಾನು ನಿರ್ಧರಿಸಲಾರದೆ ಒದ್ದಾಡಿದೆ. ಫ್ರಿಡ್ಜಿಗೆಂದು ಕೂಡಿಟ್ಟದ್ದೆಲ್ಲ ಮೊದಲ ವರ್ಷದ ಕಂತಿಗೇ ಹೋಗುತ್ತಿತ್ತು. ಅಷ್ಟು ಕಟ್ಟಿದರೂ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷ ಏನೂ ಸಿಗುವುದಿಲ್ಲ. ಅವ್ವನ ಮೊಣಕಾಲಂತೂ ಮೊದಲೇ ಇದ್ದದ್ದು. ಕಂಪನಿ ಕಾರ್ಡಿಗೆ ಈ ಕಾಯುವಿಕೆ ಇರಲಿಲ್ಲ. ಇದನ್ನು ಹೇಳಿದರೆ ಅವರು ಸೀಮೆಸುಣ್ಣ ಚೂಪು ಮಾಡುತ್ತಲೇ ಅಂದರು: "ಇವತ್ತ ಚಾಲೂ ಮಾಡಿದ್ರ ಮೂರು ವರ್ಷಕ್ಕ ಮುಗೀತಾವ. ಮುಂದಿನ ವರ್ಷ ಚಾಲೂ ಮಾಡಿದ್ರ ನಾಕಾಗತಾವ. ವರ್ಷ ಏನು ನಿನ್ನ ಕೇಳಿ ಬರತಾವೇನು?"

ಕೊನೆಗೆ ಮಾಸ್ಟರ್ ತಮಗೊಂದು, ನಾನು ನನಗೂ ಅವ್ವನಿಗೂ ಸೇರಿ ಒಂದು, ಇಬ್ಬರೂ ಒಂದೇ ದಿನ ಅರ್ಜಿ ತುಂಬಿದೆವು. ಏಜೆಂಟ ಉಪಕಾರ ಮಾಡುವವನ ಹಾಗೆ, ಮೊಣಕಾಲು, ಸಕ್ಕರೆ ಏನನ್ನೂ ತೋರಿಸಬೇಡಿ, ಇಲ್ಲ ಎಂದೇ ಬರೆಯಿರಿ, ಜಲ್ದಿ ಆಗುತ್ತದೆ ಎಂದ. ಮಾಸ್ಟರ್ ಬೆರಳಿನ ಗಂಟು ಸವರುವುದನ್ನು ನಿಲ್ಲಿಸಿದರು. ಅವನ ಕೈಯಿಂದ ಪೆನ್ನು ಕಿತ್ತುಕೊಂಡು ತಮ್ಮ ಅರ್ಜಿಯ ಸಣ್ಣ ಚೌಕ ದಾಟಿ ಹೋಗುವಂತೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ 'ಸಕ್ಕರೆ ಕಾಯಿಲೆ ಇದೆ' ಎಂದು ಬರೆದರು.

"ಎಂಟು ವರ್ಷದಿಂದ ಐತಿ. ಸುಳ್ಳು ಬರದು, ರೊಕ್ಕ ಕಟ್ಟಿ, ಆಮ್ಯಾಲೆ ಅವರ ಮುಂದ ಅಳಬೇಕೇನು ನಾನು? ಐತಿ ಅಂದ್ರ ಐತಿ. ಬೇಕಾದ್ರ ಕೊಡಲಿ, ಬ್ಯಾಡಾದ್ರ ಬಿಡಲಿ."

ನಾನೂ ಅವ್ವನ ಮೊಣಕಾಲಿನ ವಿಷಯ ಇದ್ದದ್ದನ್ನು ಇದ್ದ ಹಾಗೇ ಬರೆದೆ. ವಿಮೆಯವರು ಮಾಸ್ಟರಿಗೆ ಕಂತು ಏರಿಸಿದರು, ರಕ್ತ ಪರೀಕ್ಷೆಗೆ ಕರೆದರು. ಕುರುಗೋಡಿನಿಂದ ಖಾಲಿ ಹೊಟ್ಟೆಯಲ್ಲಿ ಬಸ್ಸಿಗೆ ನಿಂತು ಬಂದು, ರಕ್ತ ಕೊಟ್ಟು, ಎರಡು ಪ್ಲೇಟು ಮಂಡಕ್ಕಿ ವಗ್ಗರಣಿ, ಮಿರ್ಚಿ ಬಜಿ ತಿಂದು ಕೆಲಸಕ್ಕೆ ಬಂದರು. ಕೊಟ್ಟ ರಕ್ತಕ್ಕಿಂತ ತಿಂದ ಮಿರ್ಚಿಯೇ ಹೆಚ್ಚಾಗಿತ್ತು ಎಂದು ನಾವು ಆಡಿಕೊಂಡೆವು.

ವಿಷಯ ಮಾಲೀಕರ ಕಿವಿಗೆ ಬಿತ್ತು. "ಏನ್ ಮಾಸ್ಟರ್, ನಮ್ಮ ಮ್ಯಾಲೆ ನಂಬಿಕಿ ಇಲ್ಲೇನು?" ಎಂದು ಎಲ್ಲರ ಮುಂದೆ ಕೇಳಿದರು.

"ಐತ್ರಿ ಸಾಹುಕಾರ್ರ. ನೀವು ಕೊಟ್ಟ ಕೋಟು ಹಾಕ್ಕೊಂಡ ಕೆಲಸ ಮಾಡ್ತೀವಿ. ಸಂಜಿಗೆ ಮೊಳಿಗೆ ಹಾಕಿ ಹೋಗ್ತೀವಿ. ಮನಿಗೆ ಹೋಗಾಕ ನಮ್ಮದೊಂದು ಅಂಗಿ ಬೇಕಲ್ರಿ?"

ಅದಾಗಿ ಎರಡೂವರೆ ವರ್ಷದ ಮೇಲೆ ಹಿಂಬಾಗಿಲಿನ ಗಲಾಟೆ ಆಯಿತು. ಕೆಲಸದ ಹೊತ್ತಿನಲ್ಲಿ ಹೆಣ್ಣುಮಕ್ಕಳು ಹಿಂಬಾಗಿಲಿನಿಂದ ಹೊರಗೆ ಹೋಗಿ ಫೋನಿನಲ್ಲಿ ಮಾತಾಡುತ್ತಾರೆ ಎಂದು ಮಾಲೀಕರು ಅದಕ್ಕೆ ಕೀಲಿ ಹಾಕಿಸಿದರು. ಕೀಲಿಕೈ ನನ್ನ ಕೈಗೆ ಕೊಟ್ಟರು. ಅದೇ ತಿಂಗಳು ಡಾಕ್ಟರು ಅವ್ವನಿಗೆ ಇನ್ನು ಗುಳಿಗೆಯಿಂದ ಆಗುವುದಿಲ್ಲ, ಎರಡೂ ಮೊಣಕಾಲು ಆಪರೇಷನ್ ಆಗಬೇಕು ಎಂದಿದ್ದರು. ನನ್ನ ಸ್ವಂತ ಪಾಲಿಸಿಗೆ ಇನ್ನೂ ಆರು ತಿಂಗಳು ಬಾಕಿ. ಕಂಪನಿ ಕಾರ್ಡಿನಲ್ಲಿ ಮಾಡಿಸೋಣವೆಂದರೆ ರಜೆ ಬೇಕು. ಕೇಳಿದಾಗಲೆಲ್ಲ ಮಾಲೀಕರು ಈ ಮಾಲು ಹೋಗಲಿ, ಆಮೇಲೆ ನೋಡೋಣ ಎನ್ನುತ್ತಿದ್ದರು. ನಾನು ತುಟಿ ಬಿಚ್ಚದೆ ಕೀಲಿಕೈಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡೆ.

ಮಾಸ್ಟರ್ ತುಟಿ ಬಿಚ್ಚಿದರು. "ಬಟ್ಟಿ ಧೂಳು ಐತಿ, ಇಸ್ತ್ರಿ ಶಾಖ ಐತಿ, ಅರವತ್ತು ಮಂದಿ ಅದಾರ. ಬೆಂಕಿ ಹತ್ತಿದ್ರ ಒಂದ ಬಾಗಿಲಾಗ ಹೊರಗ ಬರ್ತಾರೇನ್ರಿ? ಕೀಲಿ ತಗೀರಿ."

"ನಿಮಗ ವಯಸ್ಸಾತು, ಸಕ್ಕರಿ ಬ್ಯಾರೆ ಐತಿ. ಕಂಪನಿ ಕಾರ್ಡಿನಾಗ ಆರಾಮ ಅದೀರಿ. ಸುಮ್ನಿರ್ರಿ" ಎಂದರು ಮಾಲೀಕರು.

ಮಾಸ್ಟರ್ ಜೇಬಿನಿಂದ ಕಂಪನಿಯ ಕಾರ್ಡು ತೆಗೆದು ಕಟಿಂಗ್ ಟೇಬಲ್ ಮೇಲೆ ಇಟ್ಟರು. ಪ್ಯಾಂಟಿನ ಮಾದರಿ ಇಟ್ಟಾಗ ಮಾಡುವ ಹಾಗೆ ಅದರ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದರು. "ಕತ್ತರಿಸಿ ಬಿಸಾಕ್ತಿದ್ದೆ. ಆದ್ರ ನನ್ನ ಕತ್ತರಿ ಕೆಡತೈತಿ" ಎಂದು ಹೇಳಿ, ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮುಂಬಾಗಿಲಿನಿಂದ ನಡೆದರು. ನನ್ನ ಕಡೆ ನೋಡಲಿಲ್ಲ. ನೋಡಿ ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ.

ಎರಡು ತಿಂಗಳಲ್ಲಿ ಅವರಿಗೆ ಡೆಂಗ್ಯೂ ಜ್ವರ ಬಂದು ಬಳ್ಳಾರಿಯ ಒಂದು ಆಸ್ಪತ್ರೆ ಸೇರಿದ್ದಾರೆಂದು ತಿಳಿದು ಭಾನುವಾರ ನೋಡಲು ಹೋದೆ. ನಾನು ಒಳಗೆ ಕಾಲಿಡುವಾಗ ಹೊಸ ನರ್ಸ್ ಒಬ್ಬಳು ಅವರ ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ಪು ಹಾಕಿ, ಉಗುರು ನೋಡಿ, ಮೈಯೆಲ್ಲ ನೀಲಿಗಟ್ಟುತ್ತಿದೆ ಎಂದು ಗಾಬರಿಯಾಗಿ ಡಾಕ್ಟರನ್ನು ಕೂಗುತ್ತಿದ್ದಳು.

"ಯವ್ವಾ, ಸತ್ತಿಲ್ಲ ನಾನು! ಅದು ಜೀನ್ಸ್ ಬಣ್ಣ. ಕಿವಿಗಿ ಹಾಕು, ಬರೋಬ್ಬರಿ ಬರತೈತಿ."

ಕಿವಿಗೆ ಹಾಕಿದಾಗ ಸರಿಯಾಗಿಯೇ ಬಂತು. ನಾನು ನಕ್ಕೆ. ಅವರು ನಗಲಿಲ್ಲ.

"ಕೀಲಿಕೈ ಇನ್ನೂ ಕೊಳ್ಳಾಗ ಐತೇನು?"

"ಅವ್ವನ ಕಾಲು ಮಾಸ್ಟರ್ರೀ. ನನ್ನ ಪಾಲಿಸಿಗೆ ಇನ್ನೂ ನಾಕು ತಿಂಗಳು ಐತಿ."

"ಹಂಗಾದ್ರ ಇನ್ನ ನಾಕು ತಿಂಗಳು ಯಾರೂ ಬೆಂಕಿ ಹಚ್ಚಬ್ಯಾಡ್ರಿ ಅಂತ ಬೋರ್ಡ್ ಬರಸು."

ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ತಟ್ಟೆಯಲ್ಲಿದ್ದ ಬ್ರೆಡ್ಡಿನಲ್ಲಿ ಅರ್ಧ ಮುರಿದು ಕೊಟ್ಟರು. "ತಿನ್ನು. ನನ್ನ ಪಾಲಿಸಿದು. ಯಾರ ಅಪ್ಪಂದೂ ಅಲ್ಲ." ಆಸ್ಪತ್ರೆಯ ಬಿಲ್ಲನ್ನು ಅವರ ಪಾಲಿಸಿಯೇ ತುಂಬಿತು.

ಮತ್ತೆ ಎರಡು ತಿಂಗಳಿಗೆ, ಒಂದು ಬೆಳಿಗ್ಗೆ, ಕುರುಗೋಡಿನ ಮನೆಯಲ್ಲಿ ಹಲ್ಲುಜ್ಜುತ್ತಿದ್ದವರು ಎದೆ ಹಿಡಿದುಕೊಂಡು ಕುಸಿದರಂತೆ. ಗಾಡಿ ತರಿಸುವಷ್ಟೂ ಹೊತ್ತು ಕೊಡಲಿಲ್ಲ. ಅಷ್ಟೆಲ್ಲ ಕಂತು ಕಟ್ಟಿ ಏನು ಬಂತು ಎಂದು ಆಮೇಲೆ ಕೆಲವರು ನನ್ನ ಮುಂದೆಯೇ ಅಂದರು. ಆ ಕಂತಿನಿಂದ ಅವರು ಒಂದು ದಿನ ಒಬ್ಬರ ಮುಂದೆ ನೆಟ್ಟಗೆ ನಿಂತು ಮಾತಾಡಿದರು. ಅಷ್ಟು ಬಂತು.

ಸುದ್ದಿ ಬಂದಾಗ ನಾವೆಲ್ಲ ಮಷಿನ್ ಮೇಲಿದ್ದೆವು. ನಮ್ಮಲ್ಲಿ ಜೊತೆಗೆ ದುಡಿದವರ ಮಣ್ಣಿಗೆ ಹೋಗಲೇಬೇಕು, ಒಂದು ಹಿಡಿ ಮಣ್ಣು ಹಾಕಿ ಬರಬೇಕು. ಮಾಲೀಕರು ಮಾಲು ಸಂಜೆ ಹೋಗಬೇಕು, ಇಬ್ಬರು ಮಾತ್ರ ಹೋಗಿ ಎಂದರು. ಮುಂಬಾಗಿಲಲ್ಲಿ ವಾಚ್‌ಮನ್ನನನ್ನು ನಿಲ್ಲಿಸಿದರು. ಅರವತ್ತು ಮಷಿನ್ ನಿಂತವು. ಯಾರೂ ಏಳಲಿಲ್ಲ, ಯಾರೂ ಹೊಲಿಯಲೂ ಇಲ್ಲ. ಎಲ್ಲರೂ ನನ್ನ ಕೊರಳು ನೋಡುತ್ತಿದ್ದರು.

ನಾನು ಎದ್ದು ಹೋಗಿ ಹಿಂಬಾಗಿಲು ತೆಗೆದೆ.

ಹೆಣ್ಣುಮಕ್ಕಳು ಒಬ್ಬರ ಹಿಂದೆ ಒಬ್ಬರು ಹೊರಗೆ ಇಳಿದರು. ಮಾಲೀಕರು ಓಡಿ ಬಂದರು. ಬೈಯಲಿಲ್ಲ, ಮೆಲ್ಲಗೆ ಕೇಳಿದರು: "ನಿಮ್ಮವ್ವನ ಕಾಲಿನ ಗತಿ ಏನು? ಸ್ವಲ್ಪ ವಿಚಾರ ಮಾಡು."

"ಎರಡು ತಿಂಗಳು ಕಾಯತಾಳ್ರಿ" ಎಂದೆ. ಕೀಲಿಕೈಯನ್ನೂ ಕಂಪನಿ ಕಾರ್ಡನ್ನೂ ಅವರ ಕೈಗೇ ಕೊಟ್ಟೆ. ಜೀವನದಲ್ಲಿ ಅಷ್ಟು ಗಟ್ಟಿಯಾಗಿ ನಾನು ಯಾರಿಗೂ ಉತ್ತರ ಕೊಟ್ಟಿರಲಿಲ್ಲ.

ಆಟೋಗಳಲ್ಲಿ ಒಬ್ಬರ ತೊಡೆಯ ಮೇಲೆ ಒಬ್ಬರು ಕೂತು ಕುರುಗೋಡು ಮುಟ್ಟಿದೆವು. ಊರವರು "ಜೀನ್ಸಿನವ್ರು ಬಂದ್ರು, ದಾರಿ ಬಿಡ್ರಿ" ಎಂದು ಸರಿದು ನಿಂತರು. ನಾವೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿದೆವು. ಮರುದಿನ ಉಳಿದವರನ್ನು ಮಾಲೀಕರು ಏನೂ ಅನ್ನಲಿಲ್ಲ. ಮಾಲು ಮುಗಿಸಲು ಅವರೇ ಬೇಕಿತ್ತು. ಆ ಬಾಗಿಲಿಗೆ ಮತ್ತೆ ಕೀಲಿ ಬಿದ್ದಿಲ್ಲ ಎಂದು ಅಲ್ಲಿನ ಹೆಣ್ಣುಮಕ್ಕಳು ಹೇಳುತ್ತಾರೆ. ನಾನು ಈಗ ಪಕ್ಕದ ಓಣಿಯ ಸಣ್ಣ ಘಟಕದಲ್ಲಿ ಚೆಕಿಂಗ್ ಮಾಡುತ್ತೇನೆ. ಸಂಬಳ ಕಡಿಮೆ.

ಮಣ್ಣು ಮುಗಿಸಿ ಬಂದ ರಾತ್ರಿ ಅವ್ವನಿಗೆ ಎಲ್ಲ ಹೇಳಿದ್ದೆ. ಗೋಡೆಗೆ ಒರಗಿ ಕೇಳಿ, "ಛಲೋ ಮಾಡಿದಿ. ನಾನೂ ಬರಬೇಕಿತ್ತು ಮಣ್ಣಿಗೆ" ಅಂದಳು. ಕಾಲಿನ ಮಾತೇ ಎತ್ತಲಿಲ್ಲ.

ಮೂರು ವರ್ಷ ತುಂಬಿದ ಮರುವಾರ ಅವ್ವನನ್ನು ಆಪರೇಷನ್ನಿಗೆ ಸೇರಿಸಲು ಕರೆದೊಯ್ದೆ. ಕೌಂಟರಿನಲ್ಲಿದ್ದವ ತಲೆ ಎತ್ತದೆ ಕೇಳಿದ: "ಯಾವ ಕಂಪನಿ ಕಡಿಂದ ಬಂದೀರಿ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಕೌಂಟರಿನ ಅಂಚು ಹಿಡಿದು ನೆಟ್ಟಗಾದಳು.

"ಯಾವ ಕಂಪನಿ ಕಡಿಂದನೂ ಅಲ್ಲಪ್ಪಾ. ನಮ್ಮ ಮನಿ ಕಡಿಂದ."