ಅಂಗಾಲು ನೋಡಾವರು

ನನ್ನ ಬಾಯಿ ಕೆಟ್ಟದ್ದು, ಅದು ವಾರ್ಡಿಗೆಲ್ಲ ಗೊತ್ತು. ಮುಂಬೈದಾಗ ಗ್ರಾಂಟ್ ರೋಡ್ ಕಡೆ ಒಂದು ಆಸ್ಪತ್ರ್ಯಾಗ ಇಪ್ಪತ್ತು ವರ್ಷ ಆಯಾ ಆಗಿ ನೆಲ ಒರಸೇನಿ. ಈ ಗುರುಬಾಯಿ ಡಾಕ್ಟರಿಗೂ ಹೆದರಿದಾಕಿ ಅಲ್ಲ. ಹೆದರಿದ್ದು ನರ್ಸ್ ಮಲಿಕಾ ಸಿಸ್ಟರಿಗೆ ಒಬ್ಬಾಕಿಗೇ.

ಆಕಿನೂ ನಮ್ಮ ವಿಜಾಪುರದ ಕಡೆಯಾಕಿ. ಪೇಶಂಟ್ ಮನಿಗೆ ಹೊಂಟ ಅಂದ್ರ ಆಕಿ ಪಾಠ ಶುರು. ಸಕ್ಕರಿ ಬ್ಯಾನಿ ಇದ್ದವರಿಗಂತೂ ಬಿಡತಿದ್ದಿಲ್ಲ. "ಕಾಲಿಗೆ ಚುಚ್ಚಿದ್ದು ನಿಮಗ ತಿಳಿಯಂಗಿಲ್ಲ. ದಿನಾ ಅಂಗಾಲು ನೋಡ್ರಿ, ಬೆರಳ ಸಂದಿ ನೋಡ್ರಿ, ಚಪ್ಪಲಿ ಹಾಕ್ಕೊಳ್ಳೂ ಮೊದಲ ಒಳಗ ಕೈಯಾಡಸ್ರಿ." ಪೇಶಂಟ್ ಹೂಂ ಅಂದ್ರ ಸಿಟ್ಟು. "ಹೂಂ ಬ್ಯಾಡ, ಮಾಡಿ ತೋರಸ್ರಿ!" ಆಮ್ಯಾಲ ಕೇಳಾಕಿ, "ಮನ್ಯಾಗ ಯಾರು ನೋಡತಾರ?" ಹೆಂಡತಿ, ಮಗಳು ಅಂದ್ರ ಅವರ ಹೆಸರು ಹಾಳ್ಯಾಗ ಬರಕೊಳ್ಳಾಕಿ. ಯಾರೂ ಇಲ್ಲ ಅಂದವರಿಗೆ ಒಂದು ಕೈಗನ್ನಡಿ ಕೊಡಾಕಿ, ನೆಲಕ್ಕಿಟ್ಟು ನೋಡ್ಕೊಳ್ರಿ ಅಂತ. ಬೊರಿವಲಿ ಲೋಕಲ್‌ನ್ಯಾಗ ಮಾರಾಕ ಬರತಾವಲ್ಲ, ಅವನ್ನ ಡಜನ್‌ಗಟ್ಟಲೆ ತರತಿದ್ಲು.

ಹೋದ ಮಳಿಗಾಲದಾಗ ಒಂದಿನ ಮುಂಜಾನೆ, ನಾ ಆಗಷ್ಟ ಒರಸಿದ ನೆಲದ ಮ್ಯಾಲ ರಕ್ತದ ಕಲಿ, ಸಾಲಾಗಿ. "ಯಾವ ಪುಣ್ಯಾತ್ಮ ಇಂವ!" ಅಂತ ಬೈಕೋತ ಬೆನ್ನ ಹತ್ತಿ ಹೋದೆ. ಕಲಿ ಹೋಗಿ ನಿಂತದ್ದು ಮಲಿಕಾ ಸಿಸ್ಟರಿನ ಬಿಳಿ ಬೂಟಿನ ಹತ್ರ. ಬೂಟಿನ ತಳ ತೂರಿ ಹೆಬ್ಬೆರಳಿಗೆ ಮೊಳಿ ಹೊಕ್ಕಿತ್ತು. ಅಯ್ಯ ಶಿವನ, ಆಕಿಗೆ ಅದರ ಖಬರೇ ಇಲ್ಲ! ಹೊಕ್ಕು ಎಷ್ಟು ದಿನ ಆಗಿತ್ತೋ, ಒಳಗ ಕೀವು ಬ್ಯಾರೆ.

ಆಕಿಗೂ ಸಕ್ಕರಿ ಬ್ಯಾನಿ ಐತಿ ಅಂತ ನಮಗ ತಿಳಿದದ್ದು ಅವತ್ತ. ದೀಪದ ಬುಡಕ ಕತ್ತಲ ಅಂದ್ರ ಇದ ನೋಡ್ರಿ. ಹೆಬ್ಬೆರಳು ತೆಗೆದ್ರು. ಇನ್ನೊಮ್ಮೆ ಹಿಂಗಾದ್ರ ಪಾದನ ಹೋಗತೈತಿ ಅಂದ್ರು ಡಾಕ್ಟರು.

ಹದಿನೆಂಟು ದಿನ ತನ್ನ ವಾರ್ಡಿನ್ಯಾಗ ತಾನ ಪೇಶಂಟ್ ಆಗಿ ಮಲಗಿದ್ಲು. ಮಾತಾಡಸಾಕ ಹೊರಗಿನವರು ಒಬ್ಬರೂ ಬರಲಿಲ್ಲ. ಗಂಡ ಜುಲ್ಫಿಕಾರ ತೀರಿಕೊಂಡು ಆರು ವರ್ಷ, ಮಕ್ಕಳಿಲ್ಲ.

ಮನಿಗೆ ಹೊಂಟ ದಿನ ಹರಿಣಿ ಹಾಳಿ ಹಿಡಕೊಂಡು ಬಂದ್ಲು. ಉಡುಪಿ ಕಡೆ ಹುಡುಗಿ, ಮಲಿಕಾ ಸಿಸ್ಟರ್ ಕೈಯಾಗ ಕಲಿತ ನರ್ಸ್. ತಲಿ ಬಗ್ಗಿಸಿ ಕೇಳಿದ್ಲು, "ಮನೆಯಲ್ಲಿ ಯಾರು ನೋಡ್ತಾರೆ ಸಿಸ್ಟರ್?"

"ಕನ್ನಡಿ ಅಂತ ಬರಿ," ಅಂದ್ಲು ಮಲಿಕಾ ಸಿಸ್ಟರ್.

ನನಗ ಸಿಟ್ಟು ನೆತ್ತಿಗೇರಿತು. "ಇಷ್ಟು ದಿನ ಮನ್ಯಾಗ ಕನ್ನಡಿ ಇದ್ದಿದ್ದಿಲ್ಲೇನ್ರಿ?"

"ಇತ್ತು ಗುರುಬಾಯಿ. ಮೊದಲ ಅವರು ನೋಡತಿದ್ರು. ಅವರು ಹೋದ ಮ್ಯಾಲ ಒಂದಿನ ಕನ್ನಡಿ ನೆಲಕ್ಕಿಟ್ಟು ಕುಂತೆ. ನನಗ ಯಾರೂ ಇಲ್ಲ ಅಂತ ಅವತ್ತು ಅನಿಸಿದಷ್ಟು ಯಾವತ್ತೂ ಅನಿಸಿದ್ದಿಲ್ಲ. ಮತ್ತ ಇಡಲಿಲ್ಲ."

ನಾ ಆ ಹಾಳಿ ಮ್ಯಾಲ ಬೆರಳಿಟ್ಟು ಅಂದೆ, "ಹರಿಣಿ, ಗುರುಬಾಯಿ ಅಂತ ಬರಿಯವ್ವ. ಸಿಸ್ಟರ್, ದಿನಾ ವಿಡಿಯೋ ಕಾಲ್ ಮಾಡಿ ಕಾಲು ತೋರಸ್ರಿ."

"ಹೂಂ," ಅಂದ್ಲು.

"ಹೂಂ ಬ್ಯಾಡ್ರಿ, ಈಗ ಮಾಡಿ ತೋರಸ್ರಿ!"

ಈಗ ದಿನಾ ಮುಂಜಾನೆ ಫೋನಿನ್ಯಾಗ ಆಕಿ ಅಂಗಾಲು ಬರತೈತಿ. ಒಂದು ನಿಮಿಷದ ಕೆಲಸ. "ಚೊಲೋ ಐತ್ರಿ, ಏನಿಲ್ಲ," ಅಂತೀನಿ. "ಬೆರಳ ಸಂದಿ ನೋಡಿದೇನು?" ಅಂತಾಳ. ನೋಡಿದೆ ಅಂತೀನಿ. "ಇನ್ನೊಮ್ಮೆ ನೋಡು ಗುರುಬಾಯಿ," ಅಂತಾಳ.

ನನಗ ಡ್ಯೂಟಿಗೆ ಹೊತ್ತಾಗಿರತೈತಿ. ಇನ್ನೊಮ್ಮೆ ನೋಡತೀನಿ.