ರೇಷ್ಮೆ ಹುಳುವಿನ ಮನೆಯ ನರ್ಸಮ್ಮ

ಆವತಿ ಕಡೆಯ ಹಳ್ಳಿಗಳಿಗೆ ಆರೋಗ್ಯ ಸಹಾಯಕಿಯಾಗಿರುವ ಅರ್ಪಿತಳ ಕೆಲಸಗಳಲ್ಲಿ ಸೊಳ್ಳೆ ನಿಯಂತ್ರಣವೂ ಒಂದು. ಆದರೆ ಅವಳ ಸ್ವಂತ ಮನೆಯಲ್ಲಿ ಸೊಳ್ಳೆಗಳಿಗೆ ಪೂರ್ಣ ರಕ್ಷಣೆಯಿದೆ. ಕಾರಣ, ರೇಷ್ಮೆ ಹುಳು. ಬತ್ತಿಯ ಹೊಗೆಯಾಗಲಿ, ಗೋಡೆಗೆ ಸಿಕ್ಕಿಸುವ ಔಷಧವಾಗಲಿ ಸೊಳ್ಳೆಯನ್ನು ಕೊಲ್ಲುತ್ತದೋ ಇಲ್ಲವೋ, ರೇಷ್ಮೆ ಹುಳುವನ್ನಂತೂ ಉಳಿಸುವುದಿಲ್ಲ. ಹೀಗಾಗಿ ಸಂಜೆಯಾದರೆ ಮಾವ ವೆಂಕಟರಾಯಪ್ಪ ಜಗುಲಿಯಲ್ಲಿ ಟವೆಲ್ ಬೀಸುತ್ತಾರೆ, ಗಂಡ ವೇಣುಗೋಪಾಲ್ ಫ್ಯಾನಿನ ಕೆಳಗೆ ಕೂರುತ್ತಾನೆ, ಎರಡನೇ ತರಗತಿಯ ಮಗಳು ಸಿಂಚನ ಸೊಳ್ಳೆ ಪರದೆಯೊಳಗೆ ಹೋಂವರ್ಕ್ ಬರೆಯುತ್ತಾಳೆ. ಅರ್ಪಿತ ಒಂದು ಕಡೆ ಕೂರುವುದೇ ಇಲ್ಲವಾದ್ದರಿಂದ ಅವಳು ಸೊಳ್ಳೆಗೆ ಸಿಗುವುದು ಕಡಿಮೆ.

ಬೆಳಿಗ್ಗೆ ಎದ್ದವಳು ಕೈಕಾಲು ತೊಳೆದು ಮೊದಲು ಹುಳು ಮನೆಗೆ ಹೋಗಿ ಸೊಪ್ಪು ಹಾಕಬೇಕು. ಆಮೇಲೆ ಅಡಿಗೆ, ಮಗಳ ಜಡೆ, ಊಟದ ಡಬ್ಬಿ, ಸ್ಕೂಟಿಗೆ ಲಸಿಕೆಯ ಪೆಟ್ಟಿಗೆ. ಒಮ್ಮೆ ಈ ಕ್ರಮವನ್ನು ಬದಲಿಸಿ ಮಗಳಿಗೆ ಮೊದಲು ತಿಂಡಿ ಕೊಟ್ಟಾಗ ಅತ್ತೆ ಗಂಗಲಕ್ಷ್ಮಮ್ಮ ಆಕ್ಷೇಪಣೆ ಎತ್ತಿದ್ದರು.

“ಮಗು ಹಸಿವಾದ್ರೆ ಬಾಯ್ಬಿಟ್ಟು ಕೇಳ್ತದೆ. ಹುಳ ಕೇಳ್ತದಾ?”

“ಸ್ಕೂಲ್ ವ್ಯಾನು ಕಾಯಲ್ಲ ಅತ್ತೆ.”

“ಹುಳಾನೂ ಕಾಯಲ್ಲ.”

ವೇಣುಗೋಪಾಲ್‌ಗೆ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ. ಇಂಥ ಮಾತು ಬಂದಾಗಲೆಲ್ಲ “ನಂದು ಶಿಫ್ಟು” ಎನ್ನುತ್ತಿದ್ದ. ಆ ಮನೆಯಲ್ಲಿ ಎರಡೇ ಪದದಲ್ಲಿ ಎಲ್ಲ ಜವಾಬ್ದಾರಿಯಿಂದಲೂ ಪಾರಾಗಬಲ್ಲವನು ಅವನೊಬ್ಬನೇ.

ಕಳೆದ ಮಳೆಗಾಲದಲ್ಲಿ ಊರಿನ ಕೆಳಗಿನ ಬೀದಿಯ ಇಬ್ಬರಿಗೆ ಡೆಂಗಿ ಬಂತು. ಮೇಲಿನ ಅಧಿಕಾರಿ ಸಭೆ ಕರೆದು, ಶುಕ್ರವಾರ ಊರಿಗೆ ಹೊಗೆ ಬಿಡುವ ಗಾಡಿ ಬರುತ್ತದೆ ಎಂದರು. ಅರ್ಪಿತ ಮನಸ್ಸಿನಲ್ಲೇ ದಿನ ಎಣಿಸಿದಳು. ಮನೆಯಲ್ಲಿ ಹುಳುಗಳು ನಾಲ್ಕನೇ ಬಾರಿ ಪೊರೆ ಬಿಟ್ಟು ಎದ್ದಿದ್ದವು. ಗೂಡು ಕಟ್ಟಲು ಇನ್ನೂ ಒಂದು ವಾರ ಬೇಕು. ಆ ಹೊಗೆ ಒಳಗೆ ನುಗ್ಗಿದರೆ ಇಡೀ ಬೆಳೆ ತಿಪ್ಪೆಗೆ.

“ಸರ್, ಊರಲ್ಲಿ ರೇಷ್ಮೆ ಹುಳು ಇದೆ.”

“ಎಷ್ಟು ಮನೇಲಿ?”

“ಒಂದು. ಬೇರೆಯವರೆಲ್ಲ ದ್ರಾಕ್ಷಿ, ಗುಲಾಬಿಗೆ ಹೋಗ್ಬಿಟ್ರು.”

“ಆ ಒಂದು ಯಾರ್ದಮ್ಮ?”

“ನಮ್ದೇ ಸರ್.”

ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. “ನೋಡಿ, ನರ್ಸ್ ಮನೆ ಹುಳಕ್ಕೋಸ್ಕರ ಬಿಟ್ರು ಅಂತ ನಾಳೆ ಯಾರೂ ಅನ್ನಬಾರ್ದು. ಶುಕ್ರವಾರ ನಾನೇ ಮನೆ ಮನೆ ನೋಡ್ತೀನಿ. ಐದು ಮನೇಲಿ ಸೊಳ್ಳೆ ಮರಿ ಸಿಕ್ರೆ ಹೊಗೆ ಬಿಡ್ತೀವಿ. ಅದಕ್ಕಿಂತ ಕಮ್ಮಿ ಇದ್ರೆ ಗಾಡಿ ವಾಪಸ್.”

ಐದು ಮನೆ ಸಿಗುವುದೇನು ಕಷ್ಟವಿರಲಿಲ್ಲ. ಊರಿಗೆ ನಲ್ಲಿ ನೀರು ಬರುವುದು ಅದಕ್ಕೆ ಮನಸ್ಸು ಬಂದಾಗ. ಆದ್ದರಿಂದ ಪ್ರತಿ ಮನೆಯಲ್ಲೂ ಡ್ರಮ್ಮು, ತೊಟ್ಟಿ, ಗುಡಾಣ. ಅವನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ ಎಂದು ಅರ್ಪಿತ ವರ್ಷದಿಂದ ಹೇಳುತ್ತಿದ್ದಳು. ಊರವರು “ಆಯ್ತಮ್ಮ” ಎಂದು ಕಾಫಿ ಕೊಟ್ಟು ಕಳಿಸುತ್ತಿದ್ದರು. ಸ್ವಂತ ಅತ್ತೆ ಕಾಫಿಯನ್ನೂ ಕೊಟ್ಟಿರಲಿಲ್ಲ. “ಇರೋ ನೀರು ಚೆಲ್ಲೋಕೆ ನಿಮ್ಮಪ್ಪ ಇಲ್ಲಿಗೆ ಕಾವೇರಿ ತಿರುಗಿಸಿದ್ನಾ?” ಎಂದು ಕೇಳಿದ್ದರು.

ಸಭೆ ಮುಗಿಸಿ ಬಂದು ವಿಷಯ ಹೇಳಿದಾಗ ಗಂಗಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. “ಬರ್ಲಿ ಯಾವನ್ ಬರ್ತಾನೋ. ಆ ಮಿಷನ್ನು ಕಿತ್ಕೊಂಡು ಬಾವಿಗೆ ಎತ್ತಾಕ್ತೀನಿ.”

“ಮಿಷನ್ ಹಿಂದೆ ನಡ್ಕೊಂಡು ಬರೋಳು ನಾನೇ ಅತ್ತೆ.”

ಅರ್ಪಿತ ಚೀಲದಿಂದ ಒಂದು ಗಾಜಿನ ಬಾಟಲಿ ತೆಗೆದು ಅವರ ಮುಂದಿಟ್ಟಳು. ಕೆಳಗಿನ ಬೀದಿಯ ತೊಟ್ಟಿಯ ನೀರು. ಒಳಗೆ ಸಣ್ಣ ಮರಿಗಳು ಬಳುಕಿ ಮೇಲೇರುತ್ತಿದ್ದವು, ಇಳಿಯುತ್ತಿದ್ದವು. ಗಂಗಲಕ್ಷ್ಮಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದರು. ಹುಳು ಯಾವುದೇ ಇರಲಿ, ಅವರ ಕಣ್ಣು ಅದನ್ನು ಸುಮ್ಮನೆ ಬಿಡುವುದಿಲ್ಲ.

“ಇವೂ ಜ್ವರ ಕೂತ್ಕೊಳ್ತಾವೇನೇ?” ಪೊರೆ ಬಿಡುವುದಕ್ಕೆ ರೇಷ್ಮೆಯವರು ಹೇಳುವುದೇ ಹಾಗೆ.

“ನಾಲ್ಕು ಸಲ ಪೊರೆ ಬಿಡ್ತಾವೆ. ನಾಲ್ಕನೇ ಸಲಕ್ಕೆ ಕೋಶ ಆಗ್ತಾವೆ, ಆಮೇಲೆ ರೆಕ್ಕೆ ಬಂದು ಹಾರ್ತಾವೆ. ಒಂದು ವಾರ, ಹತ್ತು ದಿನ ಸಾಕು.”

“ಅಯ್ಯೋ ಇವಳ! ಹಂಗಾದ್ರೆ ಊರ್ನೋರೆಲ್ಲ ಇವ್ನ ಸಾಕ್ತಾವ್ರಲ್ಲೇ! ಸೊಪ್ಪು ಹಾಕೋ ಕಷ್ಟಾನೂ ಇಲ್ಲ!”

ವರ್ಷವಿಡೀ ಪೋಸ್ಟರು ಹಿಡಿದು ಹೇಳಿದ್ದು ಆ ಕ್ಷಣ ಒಬ್ಬರಿಗೆ ಅರ್ಥವಾಯಿತು. ಒಬ್ಬರು ಸಾಕಾಗಿತ್ತು.

ಮರುದಿನದಿಂದ ಗಂಗಲಕ್ಷ್ಮಮ್ಮ ಸೊಪ್ಪು ಹಾಕಿದ ಬಿಡುವಿನಲ್ಲಿ ಬೀದಿಗಿಳಿದರು. ಅರ್ಪಿತ ಬಾಗಿಲಲ್ಲಿ ನಿಂತು “ಒಳಗೆ ಬರಬಹುದಾ ಅಕ್ಕ?” ಎಂದು ಕೇಳುವಷ್ಟರಲ್ಲಿ ಅತ್ತೆ ಬಚ್ಚಲು ಮನೆಯಲ್ಲಿರುತ್ತಿದ್ದರು.

“ಏನೇ ಲಕ್ಕಮ್ಮ, ಡ್ರಮ್ಮಲ್ಲಿ ಬೆಳೆ ಇಟ್ಟಿದೀಯ? ಎರಡನೇ ಜ್ವರ ಎದ್ದವೆ ನೋಡು!”

“ಕುಡಿಯೋ ನೀರಲ್ಲ ಕಣಕ್ಕ, ಬಿಡು,” ಎಂದರು ಎದುರು ಮನೆಯ ಲಕ್ಕಮ್ಮ.

“ಸೊಳ್ಳೆ ನಿನ್ನ ಕೇಳ್ಕೊಂಡು ಮೊಟ್ಟೆ ಇಡ್ತದಾ? ಹೋಗು, ಹಳೇ ಸೀರೆ ತಾ.”

ನೀರು ಚೆಲ್ಲದೆ ಬಟ್ಟೆಯಲ್ಲಿ ಸೋಸಿ, ಡ್ರಮ್ಮು ಉಜ್ಜಿ, ಬಾಯಿಗೆ ಸೀರೆ ತುಂಡು ಬಿಗಿದು ಕಟ್ಟುವ ಪದ್ಧತಿ ಗಂಗಲಕ್ಷ್ಮಮ್ಮನದೇ. ಗುರುವಾರದ ಹೊತ್ತಿಗೆ ಊರಿನ ಡ್ರಮ್ಮುಗಳೆಲ್ಲ ಬಣ್ಣಬಣ್ಣದ ಸೀರೆಯುಟ್ಟು ನಿಂತಿದ್ದವು.

ಶುಕ್ರವಾರ ಅಧಿಕಾರಿ ಟಾರ್ಚ್ ಹಿಡಿದು ಬಂದರು. ಗಾಡಿ ಅರಳೀಕಟ್ಟೆಯ ಹತ್ತಿರ ಕಾಯುತ್ತಿತ್ತು. ಮೂರು ಮನೆಗಳಲ್ಲಿ ಮರಿ ಸಿಕ್ಕಿತು. ಉಳಿದಿದ್ದು ಎರಡೇ ಮನೆ: ಅರ್ಪಿತಳದು, ಅದರಾಚೆ ಕೆಂಪರಾಜುವಿನದು.

ಇವರ ಮನೆಯ ತೊಟ್ಟಿ, ಡ್ರಮ್ಮು, ದನದ ಬಾನಿ, ಎಲ್ಲ ಶುದ್ಧ. ಅಧಿಕಾರಿ ಹೊರಟರು. ಆಗ ಅರ್ಪಿತಳ ಕಣ್ಣು ಅಡಿಗೆಮನೆಯ ಫ್ರಿಜ್ಜಿನ ಮೇಲೆ ಬಿತ್ತು. ಅದರ ಹಿಂದೆ ನೀರು ಸೋರಿ ನಿಲ್ಲುವ ಒಂದು ತಟ್ಟೆ ಇರುತ್ತದೆ. ಊರಿಗೆಲ್ಲ ಅವಳೇ ಅದನ್ನು ತೋರಿಸಿ ಬಂದಿದ್ದಳು. ತನ್ನ ಮನೆಯದನ್ನು ನೋಡಿರಲಿಲ್ಲ.

“ಸರ್, ಒಂದ್ನಿಮಿಷ. ಫ್ರಿಜ್ಜಿನ ಹಿಂದೆ ನೋಡಿಲ್ಲ.”

ಗಂಗಲಕ್ಷ್ಮಮ್ಮ ಅವಳ ಮೊಣಕೈ ಚಿವುಟಿದರು. ತಡವಾಗಿತ್ತು. ಎಳೆದ ಫ್ರಿಜ್ಜಿನ ಹಿಂದೆ ಟಾರ್ಚ್ ಬಿಟ್ಟರೆ, ತಟ್ಟೆಯ ತುಂಬ ಕೊಬ್ಬಿದ ಮರಿಗಳು ಮಿಜಿಗುಡುತ್ತಿದ್ದವು.

“ನಾಲ್ಕು,” ಎಂದರು ಅಧಿಕಾರಿ.

“ನಿನ್ನ ಯಾರೇ ಕೇಳಿದ್ರು?” ಅತ್ತೆಯ ದನಿ ಪಿಸುಗುಟ್ಟುವುದಕ್ಕಿಂತ ಸ್ವಲ್ಪ ಜೋರಾಗಿಯೇ ಇತ್ತು.

“ನಮ್ಮನೇದು ಮುಚ್ಚಿಟ್ರೆ ನಾಳೆ ಯಾರ ಮನೆ ಬಾಗ್ಲಿಗೆ ಹೋಗ್ಲಿ ಅತ್ತೆ?” ಅರ್ಪಿತ ಸೀಮೆಸುಣ್ಣದಿಂದ ತನ್ನ ಮನೆಯ ಗೋಡೆಗೆ ತಾನೇ ಗುರುತು ಹಾಕಿದಳು.

ಕೆಂಪರಾಜುವಿನ ಮನೆಗೆ ಇಡೀ ಬೀದಿಯೇ ನಡೆಯಿತು. ಅವನ ಡ್ರಮ್ಮಿನ ಬಟ್ಟೆ ಬಿಚ್ಚಲು ಅಧಿಕಾರಿ ಬಗ್ಗಿದರು. ಗಂಟು ಜಗ್ಗಲಿಲ್ಲ.

“ನನಗೇ ಬರಲ್ಲ ಸರ್,” ಎಂದ ಕೆಂಪರಾಜು. “ಗಂಗಕ್ಕ ಕಟ್ಟಿರೋದು. ಮೂರು ದಿನದಿಂದ ಪಕ್ಕದ ಮನೇಲಿ ಸ್ನಾನ ಮಾಡ್ತಾ ಇದೀನಿ.”

ಕೊನೆಗೆ ಗಂಗಲಕ್ಷ್ಮಮ್ಮನೇ ಬಿಚ್ಚಿದರು. ಟಾರ್ಚ್ ಒಳಗಿಳಿಯಿತು. ಡ್ರಮ್ಮಿನ ತಳ ಕಾಣುವಷ್ಟು ತಿಳಿ ನೀರು. ಮನೆಯ ಉಳಿದೆಡೆಯೂ ಏನೂ ಸಿಗಲಿಲ್ಲ. ಗಾಡಿ ಬಂದ ದಾರಿಯಲ್ಲೇ ತಿರುಗಿತು.

ಅದರ ಸದ್ದು ದೂರವಾಗುವವರೆಗೂ ಗಂಗಲಕ್ಷ್ಮಮ್ಮ ಬೀದಿಯಲ್ಲೇ ನಿಂತಿದ್ದರು. ಒಳಗೆ ಬಂದಾಗ ಅರ್ಪಿತ ಸೀರೆ ಎತ್ತಿಕಟ್ಟಿ ತಟ್ಟೆ ತೊಳೆಯಲು ಫ್ರಿಜ್ಜಿನ ಹಿಂದೆ ನುಸುಳುತ್ತಿದ್ದಳು.

“ಏ, ಈಚೆ ಬಾ. ವೇಣು! ಎಲ್ಲೋ ನೀನು?”

“ಅಮ್ಮ, ನಂದು ಶಿಫ್...”

“ಶಿಫ್ಟಿಗೆ ಇನ್ನೂ ಹೊತ್ತದೆ. ನಿನ್ನ ಹೆಂಡ್ತಿ ಊರ ಮುಂದೆ ತಲೆ ತಗ್ಗಿಸೋಳು, ನೀನು ಫ್ರಿಜ್ಜಿನ ತಣ್ಣೀರು ಕುಡಿಯೋನು. ನುಗ್ಗು ಹಿಂದಕ್ಕೆ.”

ವೇಣುಗೋಪಾಲ್ ಮಂಡಿಯೂರಿದ. ತಟ್ಟೆ ಹೇಗೆ ಕಳಚುವುದೆಂದು ತಿಳಿಯದೆ ಒಳಗಿನಿಂದಲೇ ಹೆಂಡತಿಯನ್ನು ಕೂಗಿದ. ಅರ್ಪಿತ ಏಳಹೊರಟಳು. ಅತ್ತೆ ಅವಳ ಭುಜ ಅದುಮಿ ಕೂರಿಸಿ, ಕೈಗೊಂದು ಲೋಟ ಕಾಫಿ ಕೊಟ್ಟರು.

“ಅಲ್ಲಿ ಒಬ್ರಿಗೇ ಜಾಗ ಇರೋದು. ಕೂತ್ಕೊಂಡು ಕುಡಿ.”

ಅವಳು ಕೂತಳು. ಎರಡು ಗುಟುಕು ಕುಡಿಯುವಷ್ಟರಲ್ಲಿ ಸೊಳ್ಳೆಯೊಂದು ಬಂದು ಕಾಲು ಕಚ್ಚಿತು.